ಚುನಾವಣೆ ದೇಣಿಗೆ ಆನ್‌ಲೈನ್‌ನಲ್ಲಿ ಬಂದರೆ ಕಮಿಷನ್ ಎಲ್ಲೆಲ್ಲಿ ಕಟ್ ಆಗುತ್ತದೆ: ಲೆಕ್ಕ ಬರೆಯುವವರಿಗೆ ಟಿಪ್ಪಣಿ

ಕಲಬುರಗಿಯ ಗಂಜಿನಲ್ಲಿ ತೊಗರಿ ಮಾರಿದ ರೈತನಿಗೆ ಸಿಗುವ ಪಟ್ಟಿ ನೋಡಿದ್ದೀರಲ್ಲ. ಮೇಲೆ ಚೀಲ, ತೂಕ, ದರ, ಒಟ್ಟು ಮೊತ್ತ. ಕೆಳಗೆ ಹಮಾಲಿ, ತೂಕದ ಖರ್ಚು ಅಂತ ಒಂದೊಂದೇ ಕಳೆದು, ಕಡೆಯ ಸಾಲಿನಲ್ಲಿ ಕೈಗೆ ಬಂದ ರೊಕ್ಕ. ಆನ್‌ಲೈನ್ ದೇಣಿಗೆಯ ಲೆಕ್ಕಕ್ಕೂ ಇಂಥದೇ ಪಟ್ಟಿ ಬೇಕು. ಅಭ್ಯರ್ಥಿಯ ಲೆಕ್ಕ ಬರೆಯಲು ಕೂತವರು ಸಾಮಾನ್ಯವಾಗಿ ಕಡೆಯ ಸಾಲು ಮಾತ್ರ ಬರೆದು ಮೇಲಿನದನ್ನು ಬಿಡುತ್ತಾರೆ. ಚುನಾವಣಾ ಆಯೋಗದ ವೆಚ್ಚ ವೀಕ್ಷಕರ ಮುಂದೆ ತೊಡಕು ಶುರುವಾಗುವುದು ಅಲ್ಲಿಂದಲೇ.

ಮೊದಲು ಎರಡು ಖಾತೆಗಳನ್ನು ಬೇರೆ ಮಾಡಿಕೊಳ್ಳಿ. ಪಕ್ಷದ ಖಾತೆಗೆ ಬರುವ ದೇಣಿಗೆ ಒಂದು, ಅಭ್ಯರ್ಥಿಯ ಚುನಾವಣಾ ಖಾತೆಗೆ ಬರುವುದು ಇನ್ನೊಂದು. ಅಭ್ಯರ್ಥಿ ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆ ಖರ್ಚಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. ತನ್ನ ಒಬ್ಬನ ಹೆಸರಿನಲ್ಲಿ ತೆರೆಯಬಹುದು, ಇಲ್ಲವೇ ಚುನಾವಣಾ ಏಜೆಂಟ್ ಜೊತೆ ಜಂಟಿಯಾಗಿ. ಇಲ್ಲಿನ ಟಿಪ್ಪಣಿ ಹೆಚ್ಚಾಗಿ ಈ ಎರಡನೇ ಖಾತೆಯ ಕುರಿತು. ಆಳಂದ ಇರಲಿ, ಶಹಾಪುರ ಇರಲಿ, ಔರಾದ್ ಇರಲಿ, ತಾಲೂಕು ಮಟ್ಟದಲ್ಲಿ ಕೈಗೆ ಬರುವ ಕೆಲಸ ಇದೇ.

ಯಾವ ದಾರಿಗೆ ಎಷ್ಟು

ವ್ಯಾಪಾರಿಯ ಖಾತೆಗೆ ರೊಕ್ಕ ಮುಟ್ಟಿಸಿದ್ದಕ್ಕೆ ಬ್ಯಾಂಕುಗಳು ಹಿಡಿದುಕೊಳ್ಳುವ ಪಾಲಿಗೆ ಎಂಡಿಆರ್ ಎನ್ನುತ್ತಾರೆ. ಇಲ್ಲಿ ವ್ಯಾಪಾರಿಯ ಜಾಗದಲ್ಲಿ ಇರುವುದು ಅಭ್ಯರ್ಥಿಯ ಖಾತೆ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ ಶೂನ್ಯ. ಬೇರೆ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಗರಿಷ್ಠ ಮಿತಿ ಹಾಕಿದೆ: ಹಿಂದಿನ ವರ್ಷದ ವಹಿವಾಟು 20 ಲಕ್ಷದ ಒಳಗಿದ್ದವರಿಗೆ 0.40%, ಅದೂ ಒಂದು ವ್ಯವಹಾರಕ್ಕೆ 200 ರೂ. ಮೀರದಂತೆ, ಅದಕ್ಕಿಂತ ದೊಡ್ಡವರಿಗೆ 0.90%, 1,000 ರೂ. ಮೀರದಂತೆ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ, ಗೇಟ್‌ವೇ ಕಂಪನಿಗಳು (ಆನ್‌ಲೈನ್ ಪಾವತಿ ಪಡೆದು ಖಾತೆಗೆ ಮುಟ್ಟಿಸುವವರು) ಸಾಮಾನ್ಯವಾಗಿ 2% ಆಸುಪಾಸು ಕೇಳುತ್ತವೆ. ನೆಟ್ ಬ್ಯಾಂಕಿಂಗಿಗೆ ಕೆಲವರು ಶೇಕಡಾವಾರು, ಕೆಲವರು ಒಂದು ವ್ಯವಹಾರಕ್ಕೆ ಇಷ್ಟು ಅಂತ ಗೊತ್ತು ಮಾಡಿರುತ್ತಾರೆ. ಈ ಶುಲ್ಕದ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಅದನ್ನು ದೇಣಿಗೆಯ ಮೇಲೆ ಲೆಕ್ಕ ಹಾಕಬೇಡಿ, ಶುಲ್ಕದ ಮೇಲೆ ಮಾತ್ರ. ಕಾರ್ಡಿನಲ್ಲಿ ಒಂದು ಸಲಕ್ಕೆ 2,000 ರೂ. ವರೆಗೆ ಪಾವತಿಯಾದರೆ ಆ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ರಿಸರ್ವ್ ಬ್ಯಾಂಕ್ ನಿಯಂತ್ರಣದ ಪೇಮೆಂಟ್ ಅಗ್ರಿಗೇಟರ್‌ಗಳಿಗೂ (ಪಾವತಿಗಳನ್ನು ಕೂಡಿಸಿ ಖಾತೆಗೆ ಹಾಕುವ ಕಂಪನಿಗಳಿಗೂ) ಅದು ಅನ್ವಯ ಅಂತ 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟಪಡಿಸಿತು. ಬಿಲ್ಲಿನಲ್ಲಿ 500 ರೂ. ಕಾರ್ಡ್ ದೇಣಿಗೆಗೂ ಜಿಎಸ್‌ಟಿ ಹಾಕಿದ್ದರೆ ಕೇಳಿ ತೆಗೆಸಿ.

ಯುಪಿಐ ಪುಕ್ಕಟೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಎರಡು ಕಡೆ ಕಾಲು ಜಾರುತ್ತದೆ. ಬ್ಯಾಂಕು ಕೊಟ್ಟ ಕ್ಯೂಆರ್‌ಗೆ ನೇರ ಬಂದ ರೊಕ್ಕಕ್ಕೆ ಕಡಿತ ಇಲ್ಲ, ಸರಿ. ಅದೇ ಯುಪಿಐ ಗೇಟ್‌ವೇ ಕಂಪನಿಯ ಪೇಜಿನ ಮೂಲಕ ಬಂದರೆ ಕಂಪನಿ ತನ್ನ ಪ್ಲಾಟ್‌ಫಾರ್ಮ್ ಶುಲ್ಕ ಅಂತ ಕಟ್ ಮಾಡಬಹುದು. ಇನ್ನೊಂದು, ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕೊಟ್ಟರೆ ನೋಡಲು ಯುಪಿಐ ಕಂಡರೂ ಲೆಕ್ಕ ಕ್ರೆಡಿಟ್ ಕಾರ್ಡಿನದೇ ಆಗಬಹುದು.

ಅಂಕಿ ಹಾಕಿ ನೋಡೋಣ. ಒಟ್ಟು 3,00,000 ರೂ. ಬಂತು ಅಂತಿಟ್ಟುಕೊಳ್ಳಿ. ಬ್ಯಾಂಕಿನ ಕ್ಯೂಆರ್‌ಗೆ 1,80,000, ಕಡಿತ ಸೊನ್ನೆ. ಕ್ರೆಡಿಟ್ ಕಾರ್ಡಿನಲ್ಲಿ ತಲಾ 5,000ದಂತೆ 12 ಮಂದಿ: 60,000ಕ್ಕೆ 2% ಅಂದರೆ 1,200, ಜಿಎಸ್‌ಟಿ 216, ಒಟ್ಟು 1,416. ಡೆಬಿಟ್ ಕಾರ್ಡಿನಲ್ಲಿ 5,000ದಂತೆ 6 ಮಂದಿ, 0.90% ಹಿಡಿದರೆ 270 ಮತ್ತು 48.60, ಒಟ್ಟು 318.60. ನೆಟ್ ಬ್ಯಾಂಕಿಂಗಿನಲ್ಲಿ 10,000ದಂತೆ 3 ಮಂದಿ, ಒಂದಕ್ಕೆ 15 ರೂ. ಅಂತ ಹಿಡಿದರೆ 45 ಮತ್ತು 8.10, ಒಟ್ಟು 53.10. ಎಲ್ಲ ಕೂಡಿ 1,787.70 ರೂ., ಬಂದ ರೊಕ್ಕದ ಮೇಲೆ 0.60% ಆಯಿತು. ಇದೇ ಮೂರು ಲಕ್ಷ ಪೂರ್ತಿ "ಎಲ್ಲದಕ್ಕೂ ಒಂದೇ ರೇಟು, 2%" ಅನ್ನುವ ಗೇಟ್‌ವೇ ಮೂಲಕ ಬಂದಿದ್ದರೆ 6,000 ಮತ್ತು ಜಿಎಸ್‌ಟಿ 1,080, ಒಟ್ಟು 7,080. ಒಂದೇ ರೇಟು ಕೇಳಲು ಹಿತ, ಒಪ್ಪುವ ಮುಂಚೆ ಡೆಬಿಟ್ ಕಾರ್ಡಿನ ದರ, ಯುಪಿಐ ದರ ಬೇರೆ ಬೇರೆ ಬರೆಸಿಕೊಳ್ಳಿ.

ಒಂದು ವ್ಯವಹಾರಕ್ಕೆ ಇಷ್ಟು ಅನ್ನುವ ಶುಲ್ಕ ಸಣ್ಣ ದೇಣಿಗೆಯನ್ನು ತಿಂದು ಹಾಕುತ್ತದೆ. 15 ರೂ. ಮತ್ತು ಜಿಎಸ್‌ಟಿ ಸೇರಿ 17.70. ಹತ್ತು ಸಾವಿರಕ್ಕೆ ಅದು ಲೆಕ್ಕಕ್ಕೇ ಇಲ್ಲ, ನೂರು ರೂಪಾಯಿಗೆ ಮಾತ್ರ 17.7% ಆಗಿಬಿಡುತ್ತದೆ. ನೆಟ್ ಬ್ಯಾಂಕಿಂಗ್ ಬಟನ್ ಮೇಲೆ ಕನಿಷ್ಠ 2,000 ರೂ. ಅಂತ ಮಿತಿ ಇಟ್ಟರೆ ಸಾಕು.

"ಶುಲ್ಕವೂ ನಾನೇ ಕೊಡುತ್ತೇನೆ" ಅನ್ನುವ ಟಿಕ್ ಗುರುತು

ಕೆಲವು ಪೇಜುಗಳಲ್ಲಿ ಇದು ಇರುತ್ತದೆ, ಲೆಕ್ಕ ಮಾತ್ರ ಬಹುತೇಕ ತಪ್ಪಿರುತ್ತದೆ. 5,000ಕ್ಕೆ ಶುಲ್ಕ 118, ಹಾಗಾದರೆ 5,118 ಕೇಳಿದರಾಯಿತು ಅಂದುಕೊಳ್ಳುತ್ತಾರೆ. ಆದರೆ ಕಡಿತ ಬೀಳುವುದು 5,118ರ ಮೇಲೆ: 120.78 ಹೋಗಿ ಕೈಗೆ 4,997.22. ಸರಿಯಾದ ದಾರಿ ಭಾಗಾಕಾರ. 2% ಶುಲ್ಕ, ಅದರ ಜಿಎಸ್‌ಟಿ ಸೇರಿ 2.36% ಹೋದರೆ ಉಳಿಯುವುದು 0.9764 ಭಾಗ. 5,000ವನ್ನು 0.9764ರಿಂದ ಭಾಗಿಸಿ, 5,120.85 ಬರುತ್ತದೆ. ರಸೀದಿ ಬರೆಯುವಾಗ 5,120.85ಕ್ಕೇ ಬರೆಯಬೇಕು, ಏಕೆಂದರೆ ದಾನಿಯ ಖಾತೆಯಿಂದ ಹೋಗಿದ್ದು ಅಷ್ಟು. ಡೆಬಿಟ್ ಕಾರ್ಡಿನ ಎಂಡಿಆರ್ ಅನ್ನು ಕೊಡುವವರ ಮೇಲೆ ಹಾಕುವಂತಿಲ್ಲ, ಯುಪಿಐಗೆ ಆ ಪ್ರಶ್ನೆಯೇ ಇಲ್ಲ. ಟಿಕ್ ಇಡುವುದಿದ್ದರೆ ಕ್ರೆಡಿಟ್ ಕಾರ್ಡಿಗೆ ಮಾತ್ರ, ಅದೂ ಅವರಾಗಿಯೇ ಒತ್ತುವಂತೆ ಇರಲಿ.

ಹೆಸರಿಲ್ಲದ ರೊಕ್ಕ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕಮಿಷನ್ ಉಳಿಸಲು ಎಲ್ಲವನ್ನೂ ಕ್ಯೂಆರ್‌ಗೆ ತಿರುಗಿಸಿದರೆ ಶುಲ್ಕ ಉಳಿಯುತ್ತದೆ, ನಿದ್ದೆ ಉಳಿಯುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಒಂದು ಯುಪಿಐ ಐಡಿ, 12 ಅಂಕಿಯ ವ್ಯವಹಾರ ಸಂಖ್ಯೆ, ಅರ್ಧಕ್ಕೆ ಕತ್ತರಿಸಿದ ಹೆಸರು. ಚುನಾವಣಾ ರಿಜಿಸ್ಟರಿನಲ್ಲಿ ಕೊಟ್ಟವರ ಹೆಸರು, ವಿಳಾಸ ಬೇಕು. ಇನ್ನೂರು ನಮೂದಿಗೆ ತಲಾ ಮೂರು ನಿಮಿಷ ಹುಡುಕಾಟ ಅಂದರೂ ಹತ್ತು ತಾಸು. ಪ್ರಚಾರದ ಕೊನೆಯ ವಾರದಲ್ಲಿ ಹತ್ತು ತಾಸು ಯಾರ ಹತ್ತಿರ ಇರುತ್ತದೆ?

ಹಾಗಾಗಿ ಕ್ಯೂಆರ್ ಕೊಡುವ ಮುಂಚೆಯೇ ಗುರುತು ಹಾಕುವ ವ್ಯವಸ್ಥೆ ಮಾಡಿ. ಮೊತ್ತವನ್ನೇ ಗುರುತು ಮಾಡಿಕೊಳ್ಳುವುದು ಸುಲಭದ ಉಪಾಯ. ನಮ್ಮ ಕಡೆ 101, 501 ಕೊಡುವ ರೂಢಿ ಹೇಗೂ ಇದೆ. ಚಿತ್ತಾಪುರ ಕ್ಷೇತ್ರದ ಒಂದು ಹೋಬಳಿಗೆ 501, ಇನ್ನೊಂದಕ್ಕೆ 502, ಮತ್ತೊಂದಕ್ಕೆ 503 ಅಂತ ಹೇಳಿಟ್ಟರೆ ಸ್ಟೇಟ್‌ಮೆಂಟ್ ನೋಡಿದ ಕೂಡಲೇ ರೊಕ್ಕ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಜೊತೆಗೆ ಆ್ಯಪ್‌ನ ಟಿಪ್ಪಣಿ ಜಾಗದಲ್ಲಿ ಊರಿನ ಹೆಸರು ಮತ್ತು ಮೊಬೈಲಿನ ಕೊನೆಯ ನಾಲ್ಕು ಅಂಕಿ ಬರೆಸಿ. ಕೊಟ್ಟವರ ಹೆಸರು, ವಿಳಾಸ ಆ ಹೋಬಳಿಯ ಕಾರ್ಯಕರ್ತ ಅದೇ ದಿನ ಸಂಜೆಯೊಳಗೆ ಕಳಿಸಬೇಕು. ಮರುದಿನಕ್ಕೆ ಬಿಟ್ಟರೆ ಬರುವುದಿಲ್ಲ.

ಅತಿ ಕೆಟ್ಟ ಅಭ್ಯಾಸ ಕಾರ್ಯಕರ್ತನ ಸ್ವಂತ ಫೋನಿನ ಕ್ಯೂಆರ್ ತೋರಿಸುವುದು. "ಅಣ್ಣಾ, ನನ್ನ ನಂಬರಿಗೇ ಹಾಕ್ರಿ, ಆಮ್ಯಾಲ ಒಟ್ಟಿಗಿ ಕಳಿಸ್ತೀನಿ" ಅಂತ ನೂರಿಪ್ಪತ್ತು ಮಂದಿಯಿಂದ ಐನೂರರಂತೆ ಕೂಡಿಸಿ 60,000 ರೂ. ಒಂದೇ ಸಲ ಖಾತೆಗೆ ಹಾಕಿದರೆ, ಕಾಗದದ ಮೇಲೆ ಅದು ಅವನೊಬ್ಬನ ದೇಣಿಗೆ. ಅಷ್ಟು ರೊಕ್ಕ ಅವನಿಗೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಅವನೇ ಉತ್ತರ ಕೊಡಬೇಕು. ಪೋಸ್ಟರಿನ ಮೇಲೆ ಬೇರೆಯವರ ಕ್ಯೂಆರ್ ಸ್ಟಿಕ್ಕರ್ ಅಂಟಿಸುವ ಮೋಸವೂ ಉಂಟು. ದಿನಾ ಬೆಳಿಗ್ಗೆ ಒಂದೊಂದು ಪೋಸ್ಟರಿಗೆ 1 ರೂ. ಹಾಕಿ, ಆ್ಯಪ್‌ನಲ್ಲಿ ಖಾತೆಯ ಹೆಸರೇ ಬರುತ್ತದೆಯೇ ಅಂತ ನೋಡಿ. ಆ ಒಂದು ರೂಪಾಯಿಯನ್ನೂ ಲೆಕ್ಕಕ್ಕೆ ಬರೆಯಿರಿ.

ನಗದು ಕೊಡಲು ಬಂದವರಿಗೂ ಮಿತಿ ಇದೆ. 2018ರ ನವೆಂಬರ್‌ನಿಂದ ಅಭ್ಯರ್ಥಿ ಒಬ್ಬರಿಂದ 10,000 ರೂ.ಗಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಕ್ಷಕ್ಕಾದರೆ ಆದಾಯ ತೆರಿಗೆ ವಿನಾಯಿತಿ ಉಳಿಯಲು ನಗದು ದೇಣಿಗೆ 2,000 ಮೀರಬಾರದು, ಮತ್ತು 20,000 ಮೀರಿದ ದೇಣಿಗೆಗಳ ವಿವರ ಆಯೋಗಕ್ಕೆ ಹೋಗಬೇಕು. "ಟ್ಯಾಕ್ಸ್ ರಸೀದಿ ಕೊಡ್ರಿ" ಅನ್ನುವವರಿಗೆ ಮೊದಲೇ ಹೇಳಿಬಿಡಿ: ಆದಾಯ ತೆರಿಗೆಯಲ್ಲಿ ಕಡಿತ ಸಿಗುವುದು ಪಕ್ಷಕ್ಕೋ ಎಲೆಕ್ಟೋರಲ್ ಟ್ರಸ್ಟಿಗೋ (ದೇಣಿಗೆ ಕೂಡಿಸಿ ಪಕ್ಷಗಳಿಗೆ ಹಂಚುವ ಸಂಸ್ಥೆ) ಕೊಟ್ಟದ್ದಕ್ಕೆ, ಅಭ್ಯರ್ಥಿಯ ಖಾತೆಗೆ ಹಾಕಿದ್ದಕ್ಕೆ ಇಲ್ಲ.

ಗಲ್ಫ್‌ನಿಂದ ಬರುವ ದೇಣಿಗೆ

ಬೀದರ್, ಕಲಬುರಗಿಯ ಎಷ್ಟೋ ಮನೆಗಳ ಹುಡುಗರು ಗಲ್ಫ್‌ನಲ್ಲಿ ದುಡಿಯುತ್ತಾರೆ. ಅವರು ಭಾರತದ ಪಾಸ್‌ಪೋರ್ಟ್ ಇದ್ದವರಾಗಿ, ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರದು ವಿದೇಶಿ ಮೂಲವೇ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಪ್ರಕಾರ ಅಭ್ಯರ್ಥಿ ಅದನ್ನು ಮುಟ್ಟುವಂತಿಲ್ಲ. ಗೇಟ್‌ವೇಗೆ ಕಾರ್ಡ್ ಕಾಣುತ್ತದೆ, ಪಾಸ್‌ಪೋರ್ಟ್ ಕಾಣುವುದಿಲ್ಲ. ಆದ್ದರಿಂದ ಅಂತರರಾಷ್ಟ್ರೀಯ ಕಾರ್ಡಿನ ಆಯ್ಕೆಯನ್ನೇ ಆಫ್ ಮಾಡಿ, ಇಲ್ಲಿನ ಬ್ಯಾಂಕ್ ಖಾತೆಯಿಂದಲೇ ಹಾಕಲು ಹೇಳಿ. ಇದರಲ್ಲಿ ದುಡ್ಡಿನ ಲಾಭವೂ ಇದೆ. ಅಂಥ ಕಾರ್ಡಿಗೆ 3% ದರ ಅಂತ ಹಿಡಿದರೆ 10,000ಕ್ಕೆ ಜಿಎಸ್‌ಟಿ ಸೇರಿ 354 ರೂ. ಆಮೇಲೆ ದೇಣಿಗೆ ವಾಪಸ್ ಮಾಡಬೇಕಾಗಿ ಬಂದರೆ ದಾನಿಗೆ ಪೂರ್ತಿ ಹತ್ತು ಸಾವಿರ ಹೋಗಬೇಕು. ಶುಲ್ಕವನ್ನು ಕಂಪನಿಗಳು ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ.

ರಿಜಿಸ್ಟರಿನಲ್ಲಿ ಬರೆಯುವ ಕ್ರಮ

ಆಯೋಗದ ರಿಜಿಸ್ಟರಿನಲ್ಲಿ ಮೂರು ಬಣ್ಣದ ಹಾಳೆಗಳಿವೆ. ಬಿಳಿ ಹಾಳೆ ದಿನವಹಿ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಗೇಟ್‌ವೇ ರೊಕ್ಕ ತಲೆನೋವು ಕೊಡುವುದು ಹಳದಿಯಲ್ಲಿ. ದಾನಿ ಕೊಟ್ಟಿದ್ದು 5,000, ಪಾಸ್‌ಬುಕ್ಕಿನಲ್ಲಿ ಬಿದ್ದಿದ್ದು 4,882. ಸಾಲದ್ದಕ್ಕೆ ಹತ್ತು ಮಂದಿಯ ದೇಣಿಗೆ ಕೂಡಿ ಒಂದೇ ಸಾಲಾಗಿ ಬಂದಿರುತ್ತದೆ. 4,882 ಅಂತ ಬರೆದರೆ ದಾನಿಯ ರಸೀದಿಗೆ ತಾಳೆಯಾಗುವುದಿಲ್ಲ. 5,000 ಅಂತಷ್ಟೇ ಬರೆದರೆ ಬ್ಯಾಂಕಿಗೆ ತಾಳೆಯಾಗುವುದಿಲ್ಲ. ಜಮೆ ಕಡೆ ದಾನಿಯ ಹೆಸರಿನಲ್ಲಿ 5,000, ಅದೇ ದಿನ ಪಾವತಿ ಕಡೆ ಗೇಟ್‌ವೇ ಶುಲ್ಕ 118, ಉಳಿಕೆ 4,882. ಬಿಳಿ ಹಾಳೆಯಲ್ಲೂ 118 ಖರ್ಚು. ಆ ದಿನದ ಸೆಟಲ್‌ಮೆಂಟ್ ವರದಿಯನ್ನು (ಯಾರ ರೊಕ್ಕ ಎಷ್ಟು, ಕಡಿತ ಎಷ್ಟು ಅಂತ ಗೇಟ್‌ವೇ ಕೊಡುವ ಪಟ್ಟಿ) ವೋಚರ್ ಆಗಿ ಪಿನ್ ಮಾಡಿ. 2022ರ ಜನವರಿಯಲ್ಲಿ ಪರಿಷ್ಕರಿಸಿದ ವೆಚ್ಚ ಮಿತಿ ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಶುಲ್ಕ ಎಷ್ಟೇ ಸಣ್ಣದಿರಲಿ, ಆ ಮಿತಿಯೊಳಗಿನ ಖರ್ಚು ಅಂತ ತೋರಿಸುವುದೇ ಕ್ಷೇಮ.

ದಿನಗಳ ಲೆಕ್ಕ

ಗೇಟ್‌ವೇ ಖಾತೆ ತೆರೆಯಲು ಪ್ಯಾನ್, ಬ್ಯಾಂಕ್ ದಾಖಲೆ, ಪರಿಶೀಲನೆ ಅಂತ ದಿನಗಳು ಹೋಗುತ್ತವೆ. ಕೆಲವು ಕಂಪನಿಗಳು ರಾಜಕೀಯ ದೇಣಿಗೆಯನ್ನು ಒಪ್ಪುವುದೇ ಇಲ್ಲ. ಪ್ರಚಾರಕ್ಕೆ ಸಿಗುವುದು ನಾಮಪತ್ರ ವಾಪಸಾತಿಯಿಂದ ಎರಡು ವಾರ ಚಿಲ್ಲರೆ. ಹೊಸದಾಗಿ ಅರ್ಜಿ ಹಾಕುವ ಅಭ್ಯರ್ಥಿಗೆ ಗೇಟ್‌ವೇ ಬಿಟ್ಟು ಬ್ಯಾಂಕಿನ ಕ್ಯೂಆರ್ ಮತ್ತು ನೆಫ್ಟ್ ಸಾಕು ಅನ್ನುವುದು ನಮ್ಮ ಅಭಿಪ್ರಾಯ. ಉಳಿತಾಯ ಖಾತೆಯಿಂದ ಆನ್‌ಲೈನ್ ನೆಫ್ಟ್ ಮಾಡುವವರಿಗೆ 2020ರಿಂದ ಶುಲ್ಕ ಇಲ್ಲ, ಲಕ್ಷ ದಾಟಿದ ಮೊತ್ತಕ್ಕೂ ಅದೇ ಸರಿ, ಏಕೆಂದರೆ ಯುಪಿಐಗೆ ಸಾಮಾನ್ಯ ಮಿತಿ ದಿನಕ್ಕೆ ಒಂದು ಲಕ್ಷ.

ಗೇಟ್‌ವೇ ರೊಕ್ಕ ಅದೇ ದಿನ ಖಾತೆಗೆ ಬರುವುದಿಲ್ಲ, ಮುಂದಿನ ಕೆಲಸದ ದಿನವೋ ಅದರ ಮರುದಿನವೋ ಬರುತ್ತದೆ. ಎರಡನೇ ಶನಿವಾರದ ಹಿಂದಿನ ಶುಕ್ರವಾರ ಸಂಜೆ ಬಂದ ದೇಣಿಗೆಯನ್ನು ಸೋಮವಾರದ ಮುಂಚೆ ನೆಚ್ಚಿಕೊಳ್ಳಬೇಡಿ. ಭಾನುವಾರದ ಪೆಂಡಾಲಿನವನಿಗೆ ಅದರಿಂದ ಚೆಕ್ ಬರೆದರೆ ಬೌನ್ಸ್ ಆದೀತು.

"ರೊಕ್ಕ ಕಟ್ ಆಗ್ಯಾವ್ರೀ, ನಿಮಗ ಮುಟ್ಯಾವೋ ಇಲ್ಲೋ?" ಅಂತ ಫೋನ್ ಬರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಆ 12 ಅಂಕಿ ಸಂಖ್ಯೆ ಇಲ್ಲದಿದ್ದರೆ ರಸೀದಿ ಕೊಡಬೇಡಿ, ಇನ್ನೊಮ್ಮೆ ಹಾಕಿ ಅಂತಲೂ ಹೇಳಬೇಡಿ. ವ್ಯಾಪಾರಿ ಖಾತೆಗೆ ಮುಟ್ಟದ ಯುಪಿಐ ಪಾವತಿ ಐದು ದಿನದೊಳಗೆ ತಾನೇ ವಾಪಸ್ ಹೋಗಬೇಕು, ತಡವಾದರೆ ದಿನಕ್ಕೆ 100 ರೂ. ಪರಿಹಾರ ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮ.

ಮತದಾನ ಮುಗಿದ ಸಂಜೆಯೇ ಪೇಮೆಂಟ್ ಲಿಂಕ್ ಬಂದ್ ಮಾಡಿ, ಪೋಸ್ಟರಿನ ಕ್ಯೂಆರ್ ಹರಿದು ಹಾಕಿಸಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಸೆಟಲ್‌ಮೆಂಟ್ ವರದಿಗಳನ್ನು ಗೇಟ್‌ವೇ ಲಾಗಿನ್ ಇರುವಾಗಲೇ ಡೌನ್‌ಲೋಡ್ ಮಾಡಿ ದಿನಾಂಕವಾರು ಪ್ರಿಂಟ್ ತೆಗೆದಿಡಿ. ಖಾತೆ ಮುಚ್ಚಿದ ಮೇಲೆ ಅವನ್ನು ಕೇಳಿ ಪಡೆಯುವುದಕ್ಕೆ ಅರ್ಜಿ ಮೇಲೆ ಅರ್ಜಿ ಹಾಕಬೇಕಾಗುತ್ತದೆ.