ಡಿಲೀಟ್ ಆಮೇಲೆ, ಮೊದಲು ರೂಲ್ ಆಫ್ ಮಾಡಿ

"ಸಾರ್, ವೈರಸ್ ಬಂದ್ಬಿಟ್ಟಿದೆ, ಬೇಗ ಬನ್ನಿ." ದಸರಾ ರಜೆ ಮುಗಿದ ಮರುದಿನ ಇಂಥ ಒಂದು ಫೋನ್ ನನಗೆ ಬಂದೇ ಬರುತ್ತದೆ. ಹೆಚ್ಚಿನ ಸಲ ಅದು ವೈರಸ್ಸೂ ಅಲ್ಲ, ಹ್ಯಾಕೂ ಅಲ್ಲ. ಮೇಲ್‌ಗೆ ತಾನಾಗಿ ಉತ್ತರ ಕೊಡುವ ಎರಡು ಯಂತ್ರಗಳ ಅತಿ ವಿನಯ, ಅಷ್ಟೇ.

ಒಂದು ವರ್ಷ ಮೈಸೂರಿನಿಂದ ಮಂಡ್ಯದ ಒಂದು ಆಫೀಸಿಗೆ ಓಡಿದ್ದೆ. ಅಕೌಂಟ್ಸ್ ನೋಡುವ ಹುಡುಗ ಬೆಳಗ್ಗೆಯಿಂದ ಡಿಲೀಟ್ ಕೀ ಒತ್ತುತ್ತಾ ಕೂತಿದ್ದ. ಪಕ್ಕದಲ್ಲಿ ಕಾಫಿ ಕೆನೆಗಟ್ಟಿತ್ತು. ನೂರು ಮೇಲ್ ಅಳಿಸಿದರೆ ನೂರೈವತ್ತು ಬರುತ್ತಿತ್ತು. ಪಾಪ, ಪಾಸ್‌ವರ್ಡ್ ಬೇರೆ ಎರಡು ಸಲ ಬದಲಾಯಿಸಿದ್ದ.

ಆಗಿದ್ದಿಷ್ಟು. ಬಂದ ಪ್ರತಿಯೊಂದು ಮೇಲ್‌ಗೂ 'ಹಬ್ಬದ ರಜೆ, ಸೋಮವಾರ ಸಿಗುತ್ತೇವೆ' ಅಂತ ಉತ್ತರ ಹೋಗುವ ಹಾಗೆ ಇವರು ರೂಲ್ ಹಾಕಿದ್ದರು. ಸಪ್ಲೈಯರ್ ಕಡೆ 'ನಿಮ್ಮ ದೂರು ತಲುಪಿದೆ' ಅನ್ನುವ ಯಂತ್ರ. ಅದಕ್ಕೆ ಇದು ಉತ್ತರ ಕೊಟ್ಟಿತು, ಇದಕ್ಕೆ ಅದು. ಪ್ರತಿ ಸಲವೂ ಒಂದು ಹೊಸ ದೂರು ನಂಬರ್!

"ಸರ್ವರ್ ತಾನೇ ನಿಲ್ಲಿಸಬೇಕಲ್ವಾ ಸಾರ್?" ಎಲ್ಲರೂ ಕೇಳುವ ಪ್ರಶ್ನೆ ಇದು. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯವೂ ಇದೇ. ಫಾರ್ವರ್ಡ್ ಸುತ್ತಾಟವನ್ನು ಸರ್ವರ್ ನಿಲ್ಲಿಸುತ್ತದೆ. ಒಂದೇ ಪತ್ರ ಅಲ್ಲಿಂದಿಲ್ಲಿ ತಿರುಗುವಾಗ ಪ್ರತಿ ಸರ್ವರ್ ಅದರ ತಲೆ ಮೇಲೆ 'ರಿಸೀವ್ಡ್' ಅಂತ ಒಂದು ಮುದ್ರೆ ಒತ್ತುತ್ತದೆ. ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಮುದ್ರೆ 50 ದಾಟಿದರೆ ಪತ್ರ ವಾಪಸ್. ನಿಮ್ಮ ಸರ್ವರ್‌ನಲ್ಲಿ ಬೇರೆ ಸಂಖ್ಯೆ ಇರಬಹುದು. ಆದರೆ ಆಟೋ ರಿಪ್ಲೈ ಹಳೇ ಪತ್ರ ಅಲ್ಲ. ಪ್ರತಿಯೊಂದೂ ಹೊಸ ಪತ್ರ, ಹೊಸ ಲಕೋಟೆ. ಮುದ್ರೆಯ ಎಣಿಕೆ ಮತ್ತೆ ಒಂದರಿಂದ ಶುರು. ಸರ್ವರ್‌ಗೆ ಅನುಮಾನ ಎಲ್ಲಿಂದ ಬರಬೇಕು?

ನಮ್ಮ ಕಡೆ ಗೇಟಿನ ಹತ್ತಿರ "ಬರ್ತೀನಿ", "ಹೂಂ, ಬನ್ನಿ" ಅಂತ ಅರ್ಧ ಗಂಟೆ ನಡೆಯುತ್ತದಲ್ಲ, ಕೊನೆಗೆ ಯಾರೋ ಒಬ್ಬರು ಸುಮ್ನೆ ತಲೆಯಾಡಿಸಿ ಹೊರಡುತ್ತಾರೆ. ಮೇಲ್‌ನಲ್ಲೂ ಅಂಥ ತಲೆಯಾಡಿಸುವಿಕೆ ಇದೆ. 'ಇದು ಯಂತ್ರ ಕಳಿಸಿದ್ದು, ಉತ್ತರ ಬೇಡ' ಎಂದು ಹೇಳುವ 'ಆಟೋ-ಸಬ್ಮಿಟೆಡ್' ಎಂಬ ಗುರುತು 2004ರಿಂದಲೇ ಇದೆ. ಒಬ್ಬರಿಗೆ ಪದೇಪದೇ ಉತ್ತರ ಕೊಡದ ಕ್ರಮವೂ ಇದೆ. ಜಿಮೇಲ್‌ನ ರಜೆ ಉತ್ತರ ಒಬ್ಬರಿಗೆ ನಾಲ್ಕು ದಿನಕ್ಕೊಮ್ಮೆ ಮಾತ್ರ ಹೋಗುತ್ತದೆ. ಇಷ್ಟೆಲ್ಲ ಇರುವಾಗ ಸ್ವಂತ ರೂಲ್ ಬರೆಯುವ ಉಸಾಬರಿ ಯಾಕೋ? ಬರೆಯಲೇಬೇಕಿದ್ದರೆ ಆ ಗುರುತು ನೋಡುವ ಹಾಗೆ ಬರೆಯಿರಿ.

ಮಂಡ್ಯದಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ರೂಲ್ ಆಫ್. ದಾರಿಯಲ್ಲಿದ್ದ ನಾಲ್ಕಾರು ಮೇಲ್ ಬಂದವು, ಆಮೇಲೆ ಎಲ್ಲ ತಣ್ಣಗಾಯಿತು. ಹುಡುಗ ಎದ್ದು ಮುಖ ತೊಳೆದುಕೊಂಡು ಬಂದ.

"ಅಳಿಸಿದ್ದರಲ್ಲಿ ನಿಜವಾದ ಮೇಲ್ ಏನಾದ್ರೂ ಇತ್ತೇನಪ್ಪಾ?" ಅಂದೆ. ಅವನ ಮುಖ ಬಿಳಿಚಿತು. ಸಂಜೆವರೆಗೂ ಇಬ್ಬರೂ ಟ್ರ್ಯಾಶ್ ಜಾಲಾಡಿದೆವು. ಎರಡು ಆರ್ಡರ್ ಸಿಕ್ಕವು.