ಒಂದು ವರ್ಷ ವಾರಂಟಿ ಇದೆಯಲ್ಲ ಸಾರ್, ಟ್ಯೂಬ್ ಹೋದ್ರೆ ಕೊಡಲ್ವಾ?

ಪ್ರಶ್ನೆ: ಮಂಡ್ಯದಲ್ಲಿ ನೇಮ್ ಬೋರ್ಡ್, ಶೀಲ್ಡ್ ಮಾಡುವ ಸಣ್ಣ ಅಂಗಡಿ ಇಟ್ಟಿದ್ದೇನೆ. ಕಮ್ಮಿ ರೇಟಿಗೆ 60 ವಾಟ್ ಲೇಸರ್ ಕಟಿಂಗ್ ಮೆಷಿನ್ ಸಿಗ್ತಿದೆ. ಒಂದು ವರ್ಷ ಫುಲ್ ವಾರಂಟಿ ಅಂತಾರೆ. ಧೈರ್ಯವಾಗಿ ತಗೊಳ್ಳಬಹುದಾ ಸಾರ್?

ಉತ್ತರ: ಈ ಪ್ರಶ್ನೆ ಊರು ಬದಲಾಯಿಸಿಕೊಂಡು ಬರುತ್ತಲೇ ಇರುತ್ತದೆ. ಹೋದ ಸಲ ನಂಜನಗೂಡಿನಿಂದ, ಅದರ ಹಿಂದೆ ಶ್ರೀರಂಗಪಟ್ಟಣದಿಂದ. ವಾಟ್ ಬೇರೆ, ರೇಟು ಬೇರೆ. ‘ಫುಲ್ ವಾರಂಟಿ’ ಅನ್ನುವ ಮಾತು ಮಾತ್ರ ಅದೇ. ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆ ಮಾತನ್ನು ನಂಬಿಕೊಂಡು ಮಾತ್ರ ತಗೋಬೇಡಿ.

ಮೆಷಿನ್ನಿನ ಹಿಂದಿನ ಮುಚ್ಚಳ ಎತ್ತಿ ನೋಡಿ. ಹಳೆ ಟ್ಯೂಬ್‌ಲೈಟಿನ ಹಾಗೆ ಉದ್ದದ ಗಾಜಿನ ಕೊಳವೆ ಮಲಗಿರುತ್ತದೆ. ಅದೇ ಟ್ಯೂಬ್, ಲೇಸರ್ ಹುಟ್ಟುವುದು ಅದರಲ್ಲೇ. ಒಳಗೆ ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ಹೀಲಿಯಂ ತುಂಬಿರುತ್ತಾರೆ. ಅದನ್ನು ತಂಪಾಗಿಡಲು ಸುತ್ತ ನೀರು ಹರಿಯುತ್ತಿರುತ್ತದೆ. ಇದು ಉರಿದಷ್ಟೂ ಸವೆಯುತ್ತದೆ. ಉರಿಸದೆ ಮೂಲೆಯಲ್ಲಿಟ್ಟರೂ ಒಳಗಿನ ಗ್ಯಾಸ್ ನಿಧಾನಕ್ಕೆ ಕೆಡುತ್ತದೆ. ಕಮ್ಮಿ ಬೆಲೆಯ ಟ್ಯೂಬಿಗೆ ಸಾಮಾನ್ಯವಾಗಿ 1,000ದಿಂದ 2,000 ಗಂಟೆ ಆಯಸ್ಸು. ದಿನಕ್ಕೆ 6 ಗಂಟೆಯಂತೆ ವರ್ಷದಲ್ಲಿ 300 ದಿನ ಓಡಿಸಿದರೆ 1,800 ಗಂಟೆ ಆಯಿತು. ಅಂದರೆ ವರ್ಷ ತುಂಬುವ ಹೊತ್ತಿಗೆ ಅದರ ಕಥೆ ಮುಗಿಯುವುದೇ ಸಹಜ. ಮುಗಿದೇ ಹೋಗುವ ಸಾಮಾನಿಗೆ ಒಂದು ವರ್ಷ ಜವಾಬ್ದಾರಿ ಹೊರುವವರು ಯಾರು? ಬೈಕಿಗೆ ವಾರಂಟಿ ಇದೆ ಅಂತ ಸವೆದ ಬ್ರೇಕ್ ಶೂ ಹಿಡಿದುಕೊಂಡು ಶೋರೂಮಿಗೆ ಹೋಗುತ್ತೀರಾ?

ಹಾಗಾಗಿ ವಾರಂಟಿ ಕಾಗದದ ಸಣ್ಣಕ್ಷರ ಓದಿ. ಟ್ಯೂಬ್, ಲೆನ್ಸ್, ಮಿರರ್ ಇವನ್ನು ಸವೆಯುವ ಬಿಡಿಭಾಗ ಅಂತ ಬೇರೆ ಇಟ್ಟಿರುತ್ತಾರೆ. ಟ್ಯೂಬಿಗೆ 3 ತಿಂಗಳು ಅಂತಲೋ 6 ತಿಂಗಳು ಅಂತಲೋ ಬರೆದಿರುತ್ತಾರೆ, ಕೆಲವೊಮ್ಮೆ ಏನೂ ಇರುವುದಿಲ್ಲ. ಒಂದು ವರ್ಷ ಅನ್ನುವುದು ಕಬ್ಬಿಣದ ಡಬ್ಬಕ್ಕೆ, ಮೋಟರಿಗೆ, ಬೋರ್ಡಿಗೆ. ಡಬ್ಬ ಹೇಗೂ ಹತ್ತು ವರ್ಷ ಬಾಳುತ್ತದೆ ಬಿಡಿ.

‘ಆ 3 ತಿಂಗಳಾದರೂ ಗಟ್ಟಿ ಅಲ್ವಾ?’ ಅಂತೀರಿ. ನನ್ನ ಮೊದಲ ಟ್ಯೂಬ್ ಎರಡನೇ ತಿಂಗಳಲ್ಲೇ ಸೀಳಿತು. ಏಪ್ರಿಲ್ ತಿಂಗಳು, ಮೇಲೆ ಶೀಟಿನ ಮಾಡು, ಬಕೆಟ್ಟಿನಲ್ಲಿ ಬೋರ್‌ವೆಲ್ ನೀರು. ಮಾರಿದವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: ‘ನೀರು ಎಷ್ಟು ಡಿಗ್ರಿ ಇತ್ತು?’ ಬಕೆಟ್ಟಿಗೆ ಕೈ ಹಾಕಿದೆ. ಸ್ನಾನಕ್ಕೆ ಹದವಾಗಿತ್ತು! ವಾರಂಟಿ ಅಲ್ಲಿಗೆ ಮುಗಿಯಿತು. ಅವರನ್ನು ಬೈದುಕೊಂಡಿದ್ದೆ, ಆದರೆ ಕಾಗದದಲ್ಲಿ ಅದೂ ಬರೆದಿತ್ತು. ಆ ನೀರು 25 ಡಿಗ್ರಿ ಒಳಗಿರಬೇಕು, ಅದೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಾಗಿರಬೇಕು. ನಮ್ಮ ಕಡೆಯ ಗಡಸು ನೀರು ಹಾಕಿದರೆ ಗಾಜಿನೊಳಗೆ ಉಪ್ಪು ಕಟ್ಟುತ್ತದೆ.

ಮೆಷಿನ್ ಜೊತೆ ‘ಚಿಲ್ಲರ್ ಫ್ರೀ’ ಅಂತಾರಲ್ಲ, ಅಂದರೆ ಆ ನೀರನ್ನು ತಣ್ಣಗೆ ಮಾಡುವ ಪೆಟ್ಟಿಗೆ, ಅದರ ಮೇಲೆ ಸಿಡಬ್ಲ್ಯು-3000 ಅಂತಿದ್ದರೆ ಅದು ಚಿಲ್ಲರ್ ಅಲ್ಲ. ರೇಡಿಯೇಟರಿಗೊಂದು ಫ್ಯಾನು, ಅಷ್ಟೇ. ರೂಮಿನಲ್ಲಿ 34 ಡಿಗ್ರಿ ಇದ್ದರೆ ನೀರು ಅದಕ್ಕಿಂತ ತಣ್ಣಗಾಗುವುದಿಲ್ಲ. ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುವುದು ಸಿಡಬ್ಲ್ಯು-5000ದಲ್ಲಿ. ನನ್ನ ಕೇಳಿದರೆ ಮೆಷಿನ್ನಿನಲ್ಲಿ ಉಳಿಸಿದ ದುಡ್ಡನ್ನು ಅದಕ್ಕೆ ಹಾಕಿ.

ಇನ್ನು ನಿಮ್ಮ ‘60 ವಾಟ್’. ಹೋಗುವಾಗ ಜೇಬಲ್ಲಿ ಟೇಪು ಇಟ್ಟುಕೊಳ್ಳಿ. 40 ವಾಟ್ ಟ್ಯೂಬ್ ಸುಮಾರು 700 ಮಿ.ಮೀ. ಉದ್ದ. ನಿಜವಾದ 60 ವಾಟಿನದು ಒಂದು ಮೀಟರಾದರೂ ಇರುತ್ತದೆ. ಗಿಡ್ಡ ಟ್ಯೂಬಿಗೆ ಕರೆಂಟ್ ಜಾಸ್ತಿ ಕೊಟ್ಟು ದೊಡ್ಡ ನಂಬರ್ ಹೇಳುವವರಿದ್ದಾರೆ. ಡೆಮೊದಲ್ಲಿ ಚೆನ್ನಾಗಿಯೇ ಕತ್ತರಿಸುತ್ತದೆ, ಆಮೇಲೆ ಬೇಗ ಸುಸ್ತಾಗುತ್ತದೆ.

ಸರ್ವಿಸ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ದುಡ್ಡು ಕೊಡುವ ಮೊದಲು ಅವರ ಸರ್ವಿಸ್ ನಂಬರಿಗೆ ಒಂದು ಮಧ್ಯಾಹ್ನ ಫೋನ್ ಮಾಡಿ, ‘ಮಿರರ್ ಅಲೈನ್‌ಮೆಂಟ್ ಹೋಗಿದೆ, ಏನು ಮಾಡಲಿ’ ಅಂತ ಕೇಳಿ. ಎತ್ತುವವರು ಸೇಲ್ಸ್ ಹುಡುಗನೋ ಮೆಕ್ಯಾನಿಕ್ಕೋ, ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಟ್ಯೂಬ್ ಬೆಂಗಳೂರಲ್ಲೇ ಸ್ಟಾಕ್ ಇದೆಯಾ, ಚೀನಾದಿಂದ ಬರಬೇಕಾ? ಮೆಕ್ಯಾನಿಕ್ ಮಂಡ್ಯಕ್ಕೆ ಬಂದರೆ ಬಸ್ ಚಾರ್ಜು ಯಾರದು? ಇವನ್ನೆಲ್ಲ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿ, ಗಾಜು ಒಡೆದೇ ಬಂದಿರಬಹುದು. ಬಿಲ್ಲು ಎತ್ತಿಡಿ. ಅಂಗಡಿಯವರಿಗೆ ಗ್ರಾಹಕರ ಆಯೋಗ ಇಲ್ಲ ಅನ್ನುವುದು ಅರ್ಧ ಸುಳ್ಳು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡ ಮೆಷಿನ್ ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವೂ ಗ್ರಾಹಕರೇ. ದೂರನ್ನು ನಿಮ್ಮ ಜಿಲ್ಲೆಯಲ್ಲೇ ಕೊಡಬಹುದು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೋರ್ಡಿನ ಅಂಗಡಿ ಅಂದಿರಲ್ಲ, ನಾಳೆಯೇ ಯಾರೋ ಸನ್‌ಬೋರ್ಡ್ ತಂದು ‘ಅಕ್ಷರ ಕಟ್ ಮಾಡ್ಕೊಡಿ ಅಣ್ಣ’ ಅಂತಾರೆ. ಮಾಡಬೇಡಿ. ಅದು ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್. ಲೇಸರ್ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ತೇವ ಸಿಕ್ಕರೆ ಅದು ಬಚ್ಚಲು ತೊಳೆಯುವ ಆಸಿಡ್ಡೇ. ಲೆನ್ಸ್ ಓಡಾಡುವ ಕಂಬಿ ತುಕ್ಕು ಹಿಡಿಯುತ್ತದೆ, ಲೆನ್ಸ್ ಹೋಗುತ್ತದೆ, ನಿಮ್ಮ ಎದೆಯೂ ಉಳಿಯುವುದಿಲ್ಲ. ಯಾವ ಪ್ಲಾಸ್ಟಿಕ್ಕೋ ಗೊತ್ತಾಗದಿದ್ದರೆ ಅಂಗಡಿಯ ಹೊರಗೆ ಗಾಳಿಯಾಡುವ ಕಡೆ ನಿಲ್ಲಿ. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ. ಹಾಳೆಯ ಚೂರಿಗೆ ಒತ್ತಿ ಮತ್ತೆ ಬೆಂಕಿಗೆ ಹಿಡಿಯಿರಿ. ಉರಿ ಹಸಿರಾದರೆ ಆ ಹಾಳೆಯನ್ನು ತಂದವರ ಕೈಗೇ ವಾಪಸ್ ಕೊಡಿ.