ಪದ ಪರಿಚಯ: ಶಸ್ತ್ರಚಿಕಿತ್ಸಾ ಒತ್ತಡ ಪ್ರತಿಕ್ರಿಯೆ

ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರ್‌ಗೆ ಇಂದಿಗೂ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಗೆಡ್ಡೆ ಇರುವ ಕರುಳಿನ ಭಾಗವನ್ನು ಅದಕ್ಕೆ ಸೇರಿದ ರಕ್ತನಾಳ ಮತ್ತು ದುಗ್ಧಗ್ರಂಥಿಗಳ ಸಮೇತ ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸುವ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಆ ಗಾಯಕ್ಕೆ ದೇಹ ತೋರುವ ಪ್ರತಿಕ್ರಿಯೆ ದಿನಗಟ್ಟಲೆ, ಕೆಲವು ಅಂಶಗಳಲ್ಲಿ ವಾರಗಟ್ಟಲೆ ಮುಂದುವರಿಯುತ್ತದೆ. ನರಮಂಡಲ, ಹಾರ್ಮೋನುಗಳು, ಚಯಾಪಚಯ ಮತ್ತು ರೋಗನಿರೋಧಕ ವ್ಯವಸ್ಥೆ ಒಟ್ಟಾಗಿ ನಡೆಸುವ ಈ ಕ್ರಿಯೆಗೆ ಶಸ್ತ್ರಚಿಕಿತ್ಸಾ ಒತ್ತಡ ಪ್ರತಿಕ್ರಿಯೆ ಎಂದು ಹೆಸರು. ವೈದ್ಯರ ಬಾಯಲ್ಲಿ ಅದು ಸರ್ಜಿಕಲ್ ಸ್ಟ್ರೆಸ್ ರೆಸ್ಪಾನ್ಸ್. ಇಲ್ಲಿ ಹೇಳುತ್ತಿರುವುದು ರೋಗಿಯ ಭಯ, ಆತಂಕಗಳನ್ನಲ್ಲ. ಅರಿವಳಿಕೆಯಲ್ಲಿ ಏನೊಂದೂ ತಿಳಿಯದೆ ಮಲಗಿರುವವರ ದೇಹದಲ್ಲೂ ಇದು ನಡೆದೇ ನಡೆಯುತ್ತದೆ.

ಈ ಪರಿಕಲ್ಪನೆಯ ಬೇರು ಕ್ಯಾನ್ಸರ್ ವಾರ್ಡಿನಲ್ಲಿಲ್ಲ, ಮೂಳೆ ಮುರಿದವರ ಮೂತ್ರಪರೀಕ್ಷೆಯಲ್ಲಿದೆ. 1930ರ ದಶಕದ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡೇವಿಡ್ ಕತ್‌ಬರ್ಟ್‌ಸನ್, ಕಾಲಿನ ಮೂಳೆ ಮುರಿದ ರೋಗಿಗಳು ಮೂತ್ರದಲ್ಲಿ ಅತಿಯಾಗಿ ಸಾರಜನಕ ಕಳೆದುಕೊಳ್ಳುವುದನ್ನು ಗಮನಿಸಿದರು. ಅಷ್ಟೊಂದು ಸಾರಜನಕ ಮುರಿದ ಜಾಗವೊಂದರಿಂದಲೇ ಬರುವಂತಿರಲಿಲ್ಲ; ಇಡೀ ದೇಹದ ಸ್ನಾಯುಗಳು ಕರಗುತ್ತಿದ್ದವು. ಗಾಯ ಒಂದೆಡೆ ಆದರೂ ಅದಕ್ಕೆ ಬೆಲೆ ತೆರುವುದು ಸರ್ವಾಂಗ ಎಂಬ ಅರಿವು ಮೂಡಿದ್ದು ಹೀಗೆ. 1942ರಲ್ಲಿ ಅವರು ಈ ಪ್ರತಿಕ್ರಿಯೆಯನ್ನು ಎರಡು ಹಂತಗಳಾಗಿ ವಿವರಿಸಿದರು: ಗಾಯವಾದ ಕೂಡಲೇ ದೇಹದ ಚಟುವಟಿಕೆ ಕುಗ್ಗುವ ಇಳಿತದ ಹಂತ, ಬಳಿಕ ಚಯಾಪಚಯ ಏರುವ ಹರಿವಿನ ಹಂತ.

ಚರ್ಮದ ಮೇಲೆ ಕತ್ತಿ ತಾಗಿದಾಗಿನಿಂದ ಎರಡು ದಾರಿಗಳಲ್ಲಿ ಸುದ್ದಿ ಸಾಗುತ್ತದೆ. ಮೊದಲನೆಯದು ನರಗಳ ದಾರಿ. ಗಾಯದ ಸಂಕೇತ ಮೆದುಳಿನ ಹೈಪೋಥಲಾಮಸ್ ತಲುಪಿ, ಅಲ್ಲಿಂದ ಪಿಟ್ಯುಟರಿ ಗ್ರಂಥಿಗೂ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೂ ಆದೇಶ ಹೋಗುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಏರುತ್ತವೆ. ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಕಾರ್ಟಿಸೋಲ್ ಸುಮಾರು 4ರಿಂದ 6 ಗಂಟೆಗಳಲ್ಲಿ ತುದಿ ಮುಟ್ಟಿ, ಮೊದಲಿದ್ದ ಮಟ್ಟದ ಮೂರು ನಾಲ್ಕು ಪಟ್ಟು ಆಗಬಲ್ಲದು. ಜೊತೆಗೆ ಇನ್ಸುಲಿನ್‌ನ ಪ್ರಭಾವ ಕುಂದುವುದರಿಂದ, ಎಂದೂ ಸಕ್ಕರೆ ಕಾಯಿಲೆ ಇಲ್ಲದವರಿಗೂ ಮರುದಿನ ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದು ಸಾಮಾನ್ಯ. ಎರಡನೆಯದು ರಾಸಾಯನಿಕ ದಾರಿ. ಗಾಯಗೊಂಡ ಅಂಗಾಂಶದ ಬಳಿಯ ರಕ್ಷಕ ಕೋಶಗಳು ಸೈಟೋಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದ ಇಂಟರ್‌ಲ್ಯೂಕಿನ್-6 ಗಂಟೆಯೊಳಗೇ ಏರತೊಡಗಿ, ಸುಮಾರು 24 ಗಂಟೆಗಳಲ್ಲಿ ಗರಿಷ್ಠ ಮಟ್ಟ ತಲುಪುತ್ತದೆ. ಅದರ ಪ್ರೇರಣೆಯಿಂದ ಯಕೃತ್ತು ತಯಾರಿಸುವ ಪ್ರೋಟೀನೇ ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಸಿಆರ್‌ಪಿ. ಅದು ಎರಡನೆಯ ಅಥವಾ ಮೂರನೆಯ ದಿನ ತುದಿಗೇರಿ, ತೊಡಕಿಲ್ಲದಿದ್ದರೆ ಅಲ್ಲಿಂದ ಇಳಿಯುತ್ತದೆ.

ಈ ಪ್ರತಿಕ್ರಿಯೆಯನ್ನು ಶತ್ರು ಎಂದು ಭಾವಿಸಬಾರದು. ಗಾಯ ಮಾಯುವುದು, ಸೋಂಕು ತಡೆಯುವುದು, ಉಪವಾಸದಲ್ಲೂ ಮೆದುಳಿಗೆ ಇಂಧನ ಒದಗುವುದು ಇದರಿಂದಲೇ. ಅದು ಮಿತಿ ಮೀರಿದಾಗ ಅಥವಾ ನಿಲ್ಲಬೇಕಾದಾಗ ನಿಲ್ಲದಿದ್ದಾಗ ಮಾತ್ರ ತೊಂದರೆ. ಆದ್ದರಿಂದ ಸಂಶೋಧಕರ ಪ್ರಶ್ನೆ ಅದನ್ನು ಅಳಿಸುವುದು ಹೇಗೆ ಎಂಬುದಲ್ಲ. ಎಷ್ಟು ಇರಬೇಕು, ಎಷ್ಟು ದಿನ ಇರಬೇಕು ಎಂಬುದು.

ಈ ಪ್ರಶ್ನೆಗೆ ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮೆಚ್ಚಿನ ಅಧ್ಯಯನ ಕ್ಷೇತ್ರವಾಗಲು ಕಾರಣವಿದೆ. ಇಂಟರ್‌ಲ್ಯೂಕಿನ್-6 ಅತಿ ಹೆಚ್ಚು ಏರುವ ಶಸ್ತ್ರಚಿಕಿತ್ಸೆಗಳ ಸಾಲಿಗೆ ಇದೂ ಸೇರುತ್ತದೆ. ಮೇಲಾಗಿ, ಒಂದೇ ಕರುಳಿನ ಭಾಗವನ್ನು ಹೊಟ್ಟೆಯನ್ನು ಉದ್ದಕ್ಕೆ ತೆರೆದೂ ತೆಗೆಯಬಹುದು, ಸಣ್ಣ ರಂಧ್ರಗಳ ಮೂಲಕ ಲ್ಯಾಪರೋಸ್ಕೋಪಿಯಿಂದಲೂ ತೆಗೆಯಬಹುದು. ಒಳಗಿನ ಕೆಲಸ ಒಂದೇ, ಹೊರಗಿನ ಗಾಯ ಮಾತ್ರ ಬೇರೆ. ಗಾಯದ ಗಾತ್ರಕ್ಕೂ ಪ್ರತಿಕ್ರಿಯೆಯ ಗಾತ್ರಕ್ಕೂ ಇರುವ ಸಂಬಂಧವನ್ನು ಮನುಷ್ಯರಲ್ಲಿ ಅಳೆಯಲು ಇಷ್ಟು ಚೊಕ್ಕ ಅವಕಾಶ ಬೇರೆಡೆ ಸಿಗುವುದು ಅಪರೂಪ. ಹೀಗೆ ಅಳೆದಾಗ, ಲ್ಯಾಪರೋಸ್ಕೋಪಿಯ ನಂತರ ಇಂಟರ್‌ಲ್ಯೂಕಿನ್-6 ಮತ್ತು ಸಿಆರ್‌ಪಿ ಕಡಿಮೆ ಏರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂತು.

ಒತ್ತಡ ಕಡಿಮೆಯಾದರೆ ಕ್ಯಾನ್ಸರ್ ಮರುಕಳಿಸುವುದೂ ಕಡಿಮೆಯಾದೀತೇ? 2002ರಲ್ಲಿ ಬಾರ್ಸಿಲೋನಾದ ಒಂದೇ ಆಸ್ಪತ್ರೆಯ 219 ರೋಗಿಗಳ ಅಧ್ಯಯನ ಹೌದೆಂದು ಸೂಚಿಸಿ ದೊಡ್ಡ ಆಸೆ ಹುಟ್ಟಿಸಿತು. ಆದರೆ 2004ರಲ್ಲಿ ಪ್ರಕಟವಾದ, 48 ಸಂಸ್ಥೆಗಳ 872 ರೋಗಿಗಳನ್ನು ಒಳಗೊಂಡ ಕಾಸ್ಟ್ ಅಧ್ಯಯನದಲ್ಲಿ ಮೂರು ವರ್ಷಗಳ ಮರುಕಳಿಕೆ ಲ್ಯಾಪರೋಸ್ಕೋಪಿಯಲ್ಲಿ ಶೇ. 16, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 18, ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಗೆಡ್ಡೆಯ ಕೋಶಗಳು ರಂಧ್ರಗಳ ಜಾಗದಲ್ಲೇ ಬೆಳೆದಾವೆಂಬ 1990ರ ದಶಕದ ಭಯವನ್ನು ಈ ಫಲಿತಾಂಶ ನಿವಾರಿಸಿತು, ಅದು ಸಣ್ಣ ಸಾಧನೆಯಲ್ಲ. ಆದರೂ ರಕ್ತಪರೀಕ್ಷೆಯ ಅಂಕಿ ಚೆನ್ನಾಗಿದ್ದ ಮಾತ್ರಕ್ಕೆ ರೋಗಿಯ ಆಯುಷ್ಯ ಹೆಚ್ಚಿತೆಂದು ತೀರ್ಮಾನಿಸುವಂತಿಲ್ಲ ಎಂಬುದನ್ನೂ ಅದು ತೋರಿಸಿತು. ಈ ಕ್ಷೇತ್ರದ ಯಾವ ಹೊಸ ಸುದ್ದಿಯನ್ನು ಓದುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಬದಲಾದದ್ದು ಅಂಕಿಯೋ, ರೋಗದ ಗತಿಯೋ?

ಗಾಯದ ಗಾತ್ರವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ, ನೋವು ನಿವಾರಣೆ, ಬೇಗ ಆಹಾರ, ಬೇಗ ಓಡಾಟ, ಮಿತವಾದ ಸಲೈನ್ ಇವೆಲ್ಲವನ್ನೂ ಒಟ್ಟಿಗೆ ಜೋಡಿಸಿದರೆ ಪ್ರತಿಕ್ರಿಯೆಯನ್ನು ತಗ್ಗಿಸಬಹುದೆಂದು ವಾದಿಸಿದರು. ಇಂದು ಈರಾಸ್ ಎಂದು ಕರೆಯುವ ಪದ್ಧತಿ ಬೆಳೆದದ್ದು ಅಲ್ಲಿಂದ. ಕರುಳು ಕತ್ತರಿಸಿಕೊಂಡವರಿಗೆ ಮರುದಿನವೇ ಊಟ ಕೊಡುವುದೆಂದರೆ ನಮ್ಮ ಹಿರಿಯರಿಗೆ ಈಗಲೂ ಗಾಬರಿಯ ವಿಷಯ. ಅದು ಅವಸರವಲ್ಲ, ಲೆಕ್ಕಹಾಕಿದ ಚಿಕಿತ್ಸೆ. ನೆದರ್‌ಲೆಂಡ್ಸ್‌ನ ಲಾಫಾ ಅಧ್ಯಯನ ಎರಡು ಬಗೆಯ ಶಸ್ತ್ರಚಿಕಿತ್ಸೆಗಳನ್ನೂ ಎರಡು ಬಗೆಯ ಆರೈಕೆಗಳನ್ನೂ ಅಡ್ಡಡ್ಡ ಹೋಲಿಸಿತು. ಅದರ ಭಾಗವಾಗಿ 2012ರಲ್ಲಿ ಬಂದ ವರದಿಯ ಪ್ರಕಾರ, ಬಿಳಿ ರಕ್ತಕೋಶಗಳ ಮೇಲಿನ ಎಚ್‌ಎಲ್‌ಎ-ಡಿಆರ್ ಎಂಬ ಗುರುತು, ಅಂದರೆ ರೋಗನಿರೋಧಕ ಸಾಮರ್ಥ್ಯದ ಒಂದು ಸೂಚಕ, ಲ್ಯಾಪರೋಸ್ಕೋಪಿ ಮತ್ತು ಈ ಹೊಸ ಆರೈಕೆ ಎರಡೂ ದೊರೆತವರಲ್ಲಿ ಚೆನ್ನಾಗಿ ಉಳಿದಿತ್ತು.

ವಾರ್ಡಿನಲ್ಲಿ ಈ ಜ್ಞಾನ ದಿನನಿತ್ಯ ಬಳಕೆಯಾಗುವುದು ಸಿಆರ್‌ಪಿಯ ಮೂಲಕ. ಕರುಳಿನ ಜೋಡಣೆ ಸೋರುವುದು ಈ ಶಸ್ತ್ರಚಿಕಿತ್ಸೆಯ ಅತ್ಯಂತ ಭಯದ ತೊಡಕು. ಮೂರನೆಯ ದಿನದ ನಂತರ ಸಿಆರ್‌ಪಿ ಇಳಿಯದೆ ಲೀಟರಿಗೆ ಸುಮಾರು 150 ಮಿಲಿಗ್ರಾಂ ಆಸುಪಾಸಿನಲ್ಲೇ ನಿಂತರೆ ಅಥವಾ ಮತ್ತೆ ಏರಿದರೆ ವೈದ್ಯರು ಸೋರಿಕೆಯನ್ನು ಶಂಕಿಸಿ ಸ್ಕ್ಯಾನಿಗೆ ಮುಂದಾಗುತ್ತಾರೆ. ಈ ಪರೀಕ್ಷೆಯ ಬಲ ಇರುವುದು ಸೋರಿಕೆ ಇದೆ ಎಂದು ಸಾಧಿಸುವುದರಲ್ಲಲ್ಲ; ಅಂಕಿ ಕಡಿಮೆಯಿದ್ದರೆ ಸೋರಿಕೆ ಬಹುಮಟ್ಟಿಗೆ ಇಲ್ಲವೆಂದು ಧೈರ್ಯ ಕೊಡುವುದರಲ್ಲಿ. ವರದಿ ಓದುವವರು ಒಂದು ಸಂಗತಿ ನೆನಪಿಡಬೇಕು: ಕೆಲವು ಪ್ರಯೋಗಾಲಯಗಳು ಲೀಟರಿನ ಲೆಕ್ಕದಲ್ಲೂ ಕೆಲವು ಡೆಸಿಲೀಟರಿನ ಲೆಕ್ಕದಲ್ಲೂ ಫಲಿತಾಂಶ ಕೊಡುತ್ತವೆ, ಎರಡರ ನಡುವೆ ಹತ್ತು ಪಟ್ಟು ಅಂತರವಿದೆ. ಸೋರಿಕೆಗೆ ಹೊಲಿಗೆಯ ಕೌಶಲವೊಂದೇ ಕಾರಣವೂ ಅಲ್ಲ. ಎಂಟರೊಕಾಕಸ್ ಫೀಕಾಲಿಸ್ ಎಂಬ ಕರುಳಿನ ಬ್ಯಾಕ್ಟೀರಿಯಾದ ಕೆಲವು ಬಗೆಗಳು ಜೋಡಣೆಯ ಜಾಗದ ಕೊಲಾಜೆನ್ ಕರಗಿಸಿ ಸೋರಿಕೆ ಉಂಟುಮಾಡಬಲ್ಲವೆಂದು ಷಿಕಾಗೋದ ಸಂಶೋಧಕರು 2015ರಲ್ಲಿ ಇಲಿಗಳಲ್ಲಿ ತೋರಿಸಿದರು.

ಅತಿ ಕುತೂಹಲದ ಭಾಗ ಕ್ಯಾನ್ಸರಿಗೂ ಈ ಪ್ರತಿಕ್ರಿಯೆಗೂ ಇರುವ ನಂಟು. ಶಸ್ತ್ರಚಿಕಿತ್ಸೆಯ ಬೆನ್ನಿಗೇ, ಗೆಡ್ಡೆಯ ಕೋಶಗಳನ್ನು ಕೊಲ್ಲಬಲ್ಲ ನ್ಯಾಚುರಲ್ ಕಿಲ್ಲರ್ ಕೋಶಗಳ ಶಕ್ತಿ ಕೆಲವು ದಿನ ಕುಗ್ಗುತ್ತದೆ. ರಕ್ತದಲ್ಲಿ ಅಲೆಯುವ ಗೆಡ್ಡೆಯ ಕೋಶಗಳು ನೆಲೆಯೂರಲು ಅದು ಅನುಕೂಲದ ಗಳಿಗೆ ಆಗಬಹುದು. ಕೋಶಗಳು ಚೆದುರದಂತೆ, ಗೆಡ್ಡೆಯನ್ನು ಮುಟ್ಟುವ ಮೊದಲೇ ರಕ್ತನಾಳ ಕಟ್ಟುವ ವಿಧಾನವನ್ನು ಅಮೆರಿಕದ ಕ್ಲೀವ್‌ಲ್ಯಾಂಡಿನ ರೂಪರ್ಟ್ ಟರ್ನ್‌ಬುಲ್ 1967ರಲ್ಲಿ ಪ್ರಚಾರಕ್ಕೆ ತಂದರು. ಕೇಳಲು ಸಮಂಜಸವಾದ ಈ ವಿಧಾನ, 850ಕ್ಕೂ ಹೆಚ್ಚು ರೋಗಿಗಳ ಜಪಾನಿನ ಅಧ್ಯಯನದಲ್ಲಿ ಸಾಮಾನ್ಯ ವಿಧಾನಕ್ಕಿಂತ ಮೇಲೆನಿಸಲಿಲ್ಲ. ಇಸ್ರೇಲಿನ ಶಮ್ಗರ್ ಬೆನ್-ಎಲಿಯಾಹು ಮತ್ತು ಸಂಗಡಿಗರು ಒತ್ತಡ ಪ್ರತಿಕ್ರಿಯೆಯನ್ನೇ ಔಷಧಿಯಿಂದ ತಗ್ಗಿಸುವ ಬೇರೆ ದಾರಿ ಹಿಡಿದರು: ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್ ಮತ್ತು ನೋವಿಗೆ ಕೊಡುವ ಎಟೊಡೊಲಾಕ್ ಎಂಬ ಅಗ್ಗದ ಎರಡು ಹಳೆಯ ಔಷಧಿಗಳನ್ನು, ಶಸ್ತ್ರಚಿಕಿತ್ಸೆಗೆ 5 ದಿನ ಮೊದಲಿನಿಂದ ಆರಂಭಿಸಿ ಒಟ್ಟು 20 ದಿನ ಕೊಟ್ಟು ಪರೀಕ್ಷಿಸಿದರು. 2020ರ ಆ ವರದಿಯಲ್ಲಿ ಗೆಡ್ಡೆಯ ಕೋಶಗಳು ಹರಡುವ ಸ್ವಭಾವಕ್ಕೆ ಸಂಬಂಧಿಸಿದ ಸೂಚಕಗಳು ತಗ್ಗಿದ್ದವು. ಆದರೆ ಭಾಗವಹಿಸಿದವರು 34 ಮಂದಿ ಮಾತ್ರ. ಇದನ್ನು ನಂಬಿ ಯಾರೂ ತಾವಾಗಿ ಮಾತ್ರೆ ನುಂಗುವಂತಿಲ್ಲ.

ಗೆಡ್ಡೆಯ ಕೋಶಗಳಿಂದ ರಕ್ತಕ್ಕೆ ಸೇರುವ ಡಿಎನ್‌ಎ ತುಣುಕುಗಳನ್ನು ಹುಡುಕಿ, ಕ್ಯಾನ್ಸರ್ ಉಳಿದಿದೆಯೇ ಎಂದು ತಿಳಿಯುವ ಹೊಸ ಪರೀಕ್ಷೆಗೂ ಈ ಪ್ರತಿಕ್ರಿಯೆ ಅಡ್ಡ ಬರುತ್ತದೆ. ಗಾಯಗೊಂಡ ಆರೋಗ್ಯವಂತ ಕೋಶಗಳೂ ಡಿಎನ್‌ಎ ಚೆಲ್ಲುತ್ತವೆ. 2020ರ ಅಧ್ಯಯನವೊಂದರಂತೆ, ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿನ ಒಟ್ಟು ಡಿಎನ್‌ಎ ಸರಾಸರಿ ಮೂರು ಪಟ್ಟು ಏರಿ, ಈ ಏರಿಕೆ ನಾಲ್ಕು ವಾರಗಳವರೆಗೂ ಉಳಿಯಬಹುದು. ಆ ರಾಶಿಯಲ್ಲಿ ಗೆಡ್ಡೆಯ ಕೆಲವೇ ತುಣುಕುಗಳು ಕಣ್ಣಿಗೆ ಬೀಳದೆ ಹೋಗಬಹುದು. ಇದೇ ಬಗೆಯ ಪರೀಕ್ಷೆಯನ್ನು ಬಳಸಿದ ಆಸ್ಟ್ರೇಲಿಯಾದ ಡೈನಾಮಿಕ್ ಅಧ್ಯಯನದಲ್ಲಿ ರಕ್ತವನ್ನು ತೆಗೆದದ್ದು ಶಸ್ತ್ರಚಿಕಿತ್ಸೆಯ ನಂತರದ ನಾಲ್ಕನೆಯ ಮತ್ತು ಏಳನೆಯ ವಾರಗಳಲ್ಲಿ. ಎರಡನೆಯ ಹಂತದ ಕರುಳಿನ ಕ್ಯಾನ್ಸರ್ ಇದ್ದ 455 ಮಂದಿಯ ಆ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಪರೀಕ್ಷೆಯನ್ನು ಆಧರಿಸಿ ನಿರ್ಧರಿಸಿದ ಗುಂಪಿನಲ್ಲಿ ಕೀಮೋಥೆರಪಿ ಪಡೆದವರು ಶೇ. 15, ರೂಢಿಯಂತೆ ನಿರ್ಧರಿಸಿದ ಗುಂಪಿನಲ್ಲಿ ಶೇ. 28, ಎರಡು ವರ್ಷ ಮರುಕಳಿಕೆಯಿಲ್ಲದೆ ಬದುಕಿದವರ ಪ್ರಮಾಣ ಕ್ರಮವಾಗಿ ಶೇ. 93.5 ಮತ್ತು ಶೇ. 92.4. ಅಂದರೆ ಕೀಮೋಥೆರಪಿ ಪಡೆದವರು ಕಡಿಮೆಯಾದರೂ ಫಲಿತಾಂಶ ಕುಗ್ಗಲಿಲ್ಲ.